ಭೂಮಿಯ ಬಾಲದಲ್ಲೊಂದು ತೆಳು ತೆರೆ

ಬಾಲವೆಂಬುದು ದನಕರುಗಳಿಗೆ ಇರತಕ್ಕದ್ದು. ಆಕಾಶದಲ್ಲಾದರೆ ಧೂಮಕೇತುವಿಗೆ ಇರತಕ್ಕದ್ದು. ನಾವು ನಿಂತಿರುವ ಈ ಭೂಮಿಗೂ ಒಂದು ಬಾಲವುಂಟೆಂದರೆ ವಾಚಕರು ನಕ್ಕಾರು. ಆದರೂ ಉಂಟು. ಅದು ಕಣ್ಣಿಗೆ ಕಾಣುವುದಲ್ಲ, ಕೈಗೆ ಸಿಕ್ಕುವುದಲ್ಲ. ಸೂರ್ಯನಿಗೆ ಬೆನ್ನಾಗಿರುವ ದಿಕ್ಕಿನಲ್ಲಿ, ಲಕ್ಷಾಂತರ ಕಿಲೋಮೀಟರು ದೂರ ಅದು ಚಾಚಿಕೊಂಡಿದೆ. ನಡುಹಗಲಿನಲ್ಲಿ ಅದು ನಮ್ಮ ಕಾಲ ಕೆಳಗೆ, ಭೂಗೋಳದ ಆಚೆ ಬದಿಗೆ ಇರುತ್ತದೆ. ನಡುರಾತ್ರಿಯಲ್ಲಿ ನಮ್ಮ ತಲೆಯ ಮೇಲಣ ಆಕಾಶದಲ್ಲಿರುತ್ತದೆ. ಹುಣ್ಣಿಮೆಯ ರಾತ್ರಿ ನೀವು ಜಗುಲಿಯ ಮೇಲೆ ಕುಳಿತು, ಒಳಗೆ ರೇಡಿಯೋ ಹಾಡುತ್ತಿರಲು, ತಲೆಯೆತ್ತಿ ನೋಡುವ ಆ ಚಂದ್ರ ಅದೇ ಹೊತ್ತಿನಲ್ಲಿ ಭೂಮಿಯ ಬಾಲದ ಒಳಗೇ ಈಜುತ್ತಿರುತ್ತಾನೆ.

ಇದನ್ನು ಗ್ರಹಣದೊಂದಿಗೆ ಬೆರೆಸಬಾರದು. ಗ್ರಹಣಕ್ಕೆ ಕಾರಣವಾದದ್ದು ಭೂಮಿಯ ನೆರಳು. ಚಂದ್ರನಿರುವ ದೂರದಲ್ಲಿ ಆ ನೆರಳಿನ ಅಗಲ ಸುಮಾರು ೯,೦೦೦ ಕಿಲೋಮೀಟರು ಮಾತ್ರ. ಆದುದರಿಂದಲೇ ಬಹುಪಾಲು ಹುಣ್ಣಿಮೆಗಳಲ್ಲಿ ಚಂದ್ರ ಅದರ ಮೇಲೋ ಕೆಳಗೋ ಜಾರಿ ಹೋಗುತ್ತಾನೆ. ಬಾಲದ ಅಗಲವಾದರೋ ಮೂರು ಲಕ್ಷ ಕಿಲೋಮೀಟರಿಗೂ ಮಿಗಿಲು. ಅದನ್ನು ತಪ್ಪಿಸಿಕೊಂಡು ಹೋಗುವುದು ಚಂದ್ರನಿಂದ ಆಗದ ಮಾತು. ತಿಂಗಳಿಗೊಮ್ಮೆ, ಹುಣ್ಣಿಮೆಯ ಹಿಂದು ಮುಂದಿನ ನಾಲ್ಕಾರು ದಿನ, ಅವನಿಗೆ ಅಲ್ಲಿ ವಾಸ.

ಈ ಬಾಲದ ನಟ್ಟನಡುವೆ ವಿದ್ಯುತ್ತಿನ ಒಂದು ತೆರೆ ಉಂಟು. ಅದು ಕೆಲವೊಮ್ಮೆ ಬಹು ತೆಳ್ಳಗಾಗುತ್ತದೆ, ತೆಳ್ಳಗಾಗಿ, ಹರಿಯುತ್ತದೆ. ಹರಿದಾಗ ಏನಾಗುವುದೆಂಬುದು ಇಂದಿನ ಪ್ರಸ್ತಾವ. ವಿಜ್ಞಾನದ ಮೇಷ್ಟರು ಬರೆಯಬೇಕಾದುದನ್ನು ಕನ್ನಡ ಪಂಡಿತನೇಕೆ ಬರೆಯುತ್ತಾನೆಂದು ನೀವು ಕೇಳಬಹುದು. ಉಮ್ಮತ್ತೂರಿನ ಕಡೆಯ ಹಳ್ಳಿಯ ಹುಡುಗರು ಯಾವ ಪೀರಿಯಡ್ಡಿನಲ್ಲಿ ಯಾವ ಪ್ರಶ್ನೆ ಕೇಳಬೇಕೆಂಬ ಕಟ್ಟುಪಾಡನ್ನು ಇಟ್ಟುಕೊಂಡವರಲ್ಲ. ವ್ಯಾಕರಣದ ನಡುವೆ ಚಂದ್ರಯಾನದ ಮಾತು ಬಂದರೆ ಪಂಡಿತನೂ ಉತ್ತರ ಹೇಳಬೇಕಾಗುತ್ತದೆ.

ಮೊದಲು ಬಾಲ ಹುಟ್ಟುವ ಬಗೆ. ಭೂಮಿ ಒಂದು ದೊಡ್ಡ ಅಯಸ್ಕಾಂತವೆಂಬುದನ್ನು ನೀವೆಲ್ಲ ಶಾಲೆಯಲ್ಲಿ ಓದಿದ್ದೀರಿ. ದಿಕ್ಸೂಚಿಯ ಮುಳ್ಳು ಉತ್ತರಕ್ಕೆ ತಿರುಗುವುದು ಅದರಿಂದ. ಸುತ್ತಲೂ ಶುದ್ಧ ಶೂನ್ಯವೇ ಇದ್ದಿದ್ದರೆ ಈ ಅಯಸ್ಕಾಂತದ ಪ್ರಭಾವ ಎಲ್ಲ ಕಡೆಗೂ ಒಂದೇ ಸಮನಾಗಿ ಹರಡುತ್ತಿತ್ತು. ಹಾಗಿಲ್ಲ. ಸೂರ್ಯನಿಂದ ಹಗಲಿರುಳೂ ಒಂದು ಗಾಳಿ ಬೀಸುತ್ತಿದೆ. ಇದು ನಾವು ಉಸಿರಾಡುವ ಗಾಳಿಯಲ್ಲ. ವಿದ್ಯುತ್ತನ್ನು ಹೊತ್ತ ಸೂಕ್ಷ್ಮಕಣಗಳ ಪ್ರವಾಹ. ಸೆಕೆಂಡಿಗೆ ನಾನೂರು ಕಿಲೋಮೀಟರು ಅದರ ಸಾಮಾನ್ಯ ವೇಗ. ಧೂಮಕೇತುಗಳ ಬಾಲ ಸೂರ್ಯನಿಗೆ ವಿಮುಖವಾಗಿಯೇ ಏಕಿರುತ್ತದೆಂದು ಯೋಚಿಸಿ ಜರ್ಮನಿಯ ಬಿಯರ್‌ಮನ್ನರು ೧೯೫೧ರಲ್ಲಿ ಇಂಥದೊಂದು ಪ್ರವಾಹ ಇರಲೇಬೇಕೆಂದರು. ೧೯೫೮ರಲ್ಲಿ ಅಮೆರಿಕದ ಪಾರ್ಕರರು ಅದನ್ನು ಗಣಿತದಿಂದ ಸಾಧಿಸಿ, ಸೌರಮಾರುತವೆಂಬ ಹೆಸರನ್ನಿಟ್ಟರು. ೧೯೬೨ರಲ್ಲಿ ಶುಕ್ರಗ್ರಹದ ಕಡೆಗೆ ಹೊರಟ ಮ್ಯಾರಿನರ್-೨ ಎಂಬ ನೌಕೆ ದಾರಿಯುದ್ದಕ್ಕೂ ಆ ಗಾಳಿಯನ್ನು ಅಳೆಯುತ್ತ ಹೋಯಿತು.

ಇಲ್ಲಿ ನಮ್ಮ ನಾಡಿನವರೊಬ್ಬರನ್ನು ನೆನೆಯಬೇಕು. ಉಡುಪಿಯ ಬಳಿಯ ಅದಮಾರಿನಲ್ಲಿ ೧೯೩೨ರಲ್ಲಿ ಹುಟ್ಟಿದ ಯು. ಆರ್. ರಾಯರು ಆಗ ಅಮೆರಿಕದಲ್ಲಿ ತರುಣ ಸಂಶೋಧಕರಾಗಿದ್ದರು. ಆ ನೌಕೆ ಕಳಿಸಿದ ಲೆಕ್ಕಗಳನ್ನು ಅವರು ಸ್ನೈಡರ್, ನ್ಯೂಗೆಬೌರ್ ಎಂಬ ಇಬ್ಬರೊಡನೆ ಸೇರಿ ಪರಿಶೀಲಿಸಿದರು. ಸೌರಮಾರುತದ ವೇಗ ಏರಿದಾಗಲೆಲ್ಲ ಭೂಮಿಯ ಮೇಲಿನ ಕಾಂತಸೂಜಿಗಳ ಕಂಪವೂ ಏರುತ್ತದೆಂದು ೧೯೬೩ರಲ್ಲಿ ಈ ಮೂವರು ತೋರಿಸಿಕೊಟ್ಟರು. ಮುಂದೆ ಆರ್ಯಭಟ ಉಪಗ್ರಹವನ್ನು ಕಟ್ಟಿಸಿದವರೆಂದೇ ರಾಯರು ಜನಕ್ಕೆ ಪರಿಚಿತರು. ಗಾಳಿಗೂ ಸೂಜಿಗೂ ಗಂಟುಹಾಕಿದ ಈ ಹಳೆಯ ಕೆಲಸವನ್ನು ನೆನೆಯುವವರು ಕಡಮೆ. ನನ್ನ ಮಟ್ಟಿಗೆ ಅದು ಆರ್ಯಭಟಕ್ಕಿಂತ ಕಿರಿದಾದ ಕೆಲಸವಲ್ಲ.

ಸುವರ್ಣಾವತಿ ಹೊಳೆಯಲ್ಲಿ ನೀರು ಬಂದಾಗ ನಡುವೆ ನಿಂತ ಬಂಡೆಯನ್ನು ನೋಡಿ. ಎದುರು ಬದಿಯಲ್ಲಿ ನೀರು ಬಂಡೆಗೆ ಒತ್ತಿಕೊಂಡು ಎರಡಾಗಿ ಸೀಳುತ್ತದೆ. ಹಿಂಬದಿಯಲ್ಲಿ ಉದ್ದನೆಯ ಒಂದು ತಡಿ ಬಿದ್ದಿರುತ್ತದೆ. ಸೌರಮಾರುತದ ಹೊಳೆಯಲ್ಲಿ ಭೂಮಿಯ ಕಾಂತಪ್ರಭಾವವೇ ಬಂಡೆ. ಸೂರ್ಯನ ಕಡೆಗೆ ಅದು ಸುಮಾರು ೬೪,೦೦೦ ಕಿಲೋಮೀಟರಿನಷ್ಟಕ್ಕೆ ಅದುಮಿಕೊಂಡು ನಿಲ್ಲುತ್ತದೆ. ಹಿಂದುಗಡೆ ಎಳೆದುಕೊಂಡು ಎಳೆದುಕೊಂಡು ಬಾಲವಾಗುತ್ತದೆ. ೧೯೮೩ರಲ್ಲಿ ಒಂದು ನೌಕೆ ಭೂಮಿಯಿಂದ ೧೫ ಲಕ್ಷ ಕಿಲೋಮೀಟರು ದೂರ ಹೋಗಿ ನೋಡಿದಾಗಲೂ ಬಾಲ ಮುಗಿದಿರಲಿಲ್ಲ.

ಈ ಬಾಲ ಒಂದೇ ಮುದ್ದೆಯಾಗಿರದೆ ಮೇಲೆ ಕೆಳಗೆ ಎರಡು ಭಾಗವಾಗಿದೆ. ಉತ್ತರದ ಭಾಗದಲ್ಲಿ ಕಾಂತರೇಖೆಗಳು ಭೂಮಿಯ ಕಡೆಗೆ ಮುಖಮಾಡಿವೆ. ದಕ್ಷಿಣದ ಭಾಗದಲ್ಲಿ ಭೂಮಿಯಿಂದ ಆಚೆಗೆ ಮುಖಮಾಡಿವೆ. ೧೯೬೩ರ ನವೆಂಬರಿನಲ್ಲಿ ಹಾರಿಸಿದ ಎಕ್ಸ್‌ಪ್ಲೋರರ್-೧೮ ಎಂಬ ಅಮೆರಿಕದ ಉಪಗ್ರಹದ ಪಥ ಬಹು ಉದ್ದನೆಯದು, ಭೂಮಿಯಿಂದ ಸುಮಾರು ಎರಡು ಲಕ್ಷ ಕಿಲೋಮೀಟರಿನವರೆಗೂ ಹೋಗಿ ಬರತಕ್ಕದ್ದು. ಮರುವರ್ಷ ಆ ಪಥ ರಾತ್ರಿಯ ಬದಿಗೆ ಹೊರಳಿತು. ಆಗ ಉಪಗ್ರಹದ ಕಾಂತಮಾಪಕ ಒಂದು ವಿಚಿತ್ರವನ್ನು ಬರೆಯಿತು. ಸೂಜಿ ತುಂಬ ಹೊತ್ತು ಒಂದೇ ದಿಕ್ಕನ್ನು ತೋರುತ್ತಿದ್ದು, ಇದ್ದಕ್ಕಿದ್ದಂತೆ ಬಲ ಕುಗ್ಗಿ, ಒಮ್ಮೆ ಶೂನ್ಯವೆನ್ನುವಷ್ಟಾಗಿ, ಮತ್ತೆ ಬಲ ಬಂದಾಗ ನೇರ ಎದುರು ದಿಕ್ಕಿಗೆ ತಿರುಗಿ ನಿಂತಿತ್ತು! ಈ ಬರಹವನ್ನು ಓದಿದ ನಾರ್ಮನ್ ನೆಸ್ ಎಂಬ ವಿಜ್ಞಾನಿ ೧೯೬೫ರಲ್ಲಿ ಭೂಮಿಗೆ ಕಾಂತದ ಬಾಲವುಂಟೆಂದೂ, ಅದರ ನಡುವೆ ತಟಸ್ಥವಾದ ಒಂದು ಪದರವುಂಟೆಂದೂ ಲೋಕಕ್ಕೆ ತಿಳಿಸಿದರು.

ಸೂಜಿ ತಿರುಗಿದ್ದಕ್ಕೂ ವಿದ್ಯುತ್ತಿಗೂ ಏನು ನಂಟು? ಇಲ್ಲಿ ಸ್ವಲ್ಪ ನಿಧಾನಿಸೋಣ. ವಿಷಯದ ಬೀಗದ ಕೈ ಇಲ್ಲೇ ಇದೆ.

ವಿದ್ಯುತ್ ಹರಿಯುವ ತಂತಿಯ ಬಳಿ ದಿಕ್ಸೂಚಿ ತಂದರೆ ಮುಳ್ಳು ಅಲುಗುತ್ತದೆಂದು ಡೆನ್ಮಾರ್ಕಿನ ಅರ್ಸ್ಟೆಡ್ ೧೮೨೦ರಲ್ಲಿ ಕಂಡುಕೊಂಡ. ಪ್ರವಾಹವಿದ್ದಲ್ಲಿ ಕಾಂತವುಂಟು. ನಮ್ಮ ದೇಶದಲ್ಲೇ ಇದಕ್ಕೊಂದು ನಿದರ್ಶನವಿದೆ. ಮುಂಬಯಿಯ ಕೊಲಾಬದಲ್ಲಿ ಭೂಮಿಯ ಕಾಂತವನ್ನು ಅಳೆಯುವ ಹಳೆಯ ವೀಕ್ಷಣಾಲಯವಿತ್ತು. ಊರಿನಲ್ಲಿ ಕುದುರೆ ಎಳೆಯುತ್ತಿದ್ದ ಟ್ರಾಮ್ ಗಾಡಿಗಳಿಗೆ ವಿದ್ಯುತ್ತನ್ನು ಹೂಡುವ ಏರ್ಪಾಡು ನಡೆದಾಗ, ಆ ವಿದ್ಯುತ್ತು ಹರಿದು ಸೂಜಿಗಳೆಲ್ಲ ಕೆಟ್ಟು ಹೋದಾವೆಂದು ವೀಕ್ಷಣಾಲಯವನ್ನೇ ಸಮುದ್ರದಾಚೆಯ ಅಲಿಬಾಗಿಗೆ ೧೯೦೪ರಲ್ಲಿ ಒಯ್ದರು. ಟ್ರಾಮು ಓಡಿಯಾಡುವುದು ನಿಂತು ಎಷ್ಟೋ ಕಾಲವಾಯಿತು. ಅಲಿಬಾಗಿನ ಸೂಜಿಗಳು ಇಂದೂ ಕೆಲಸ ಮಾಡುತ್ತಿವೆ.

ಈಗ ಇದೇ ಸಂಗತಿಯನ್ನು ತಿರುವು ಮುರುವಾಗಿ ಓದಿ. ಒಂದು ಕಡೆ ಸೂಜಿ ಪೂರ್ವಕ್ಕೆ, ಅದರ ಮಗ್ಗುಲಲ್ಲೇ ಪಶ್ಚಿಮಕ್ಕೆ ತಿರುಗಿತೆಂದರೆ, ಆ ಎರಡರ ನಡುವೆ ವಿದ್ಯುತ್ತು ಹರಿಯುತ್ತಿರಲೇಬೇಕು. ತಂತಿ ಕಾಣದಿದ್ದರೂ ಸರಿಯೆ. ಹೊಗೆಯಿಂದ ಬೆಂಕಿಯನ್ನು ಊಹಿಸುವುದು ನಮ್ಮ ತರ್ಕಶಾಸ್ತ್ರದ ಹಳೆಯ ಉದಾಹರಣೆ. ಇದೂ ಅದೇ ಜಾತಿಯದು. ಬಾಲದ ಉತ್ತರಾರ್ಧ, ದಕ್ಷಿಣಾರ್ಧಗಳು ಪರಸ್ಪರ ವಿರುದ್ಧವಾಗಿರುವುದರಿಂದ, ಅವುಗಳ ನಡುವೆ ಬಾಲದ ಅಗಲಕ್ಕೂ ಒಂದು ವಿದ್ಯುತ್ಪ್ರವಾಹ ಹಾಸಿಕೊಂಡು ಹರಿಯುತ್ತಿದೆ. ದಿಕ್ಕು ಬೆಳಗಿನ ಕಡೆಯಿಂದ ಬೈಗಿನ ಕಡೆಗೆ. ನಡುರಾತ್ರಿ ನಮ್ಮೂರಿನ ಬಯಲಲ್ಲಿ ನಿಂತವನಿಗೆ ಅದು ಮೂಡಲಿಂದ ಪಡುವಲಿಗೆ.

ಇಂಗ್ಲಿಷಿನವರು ಇದನ್ನು ಹಾಳೆ ಎಂಬ ಅರ್ಥದ ಮಾತಿನಿಂದ ಕರೆಯುತ್ತಾರೆ. ಹಾಳೆಯೆಂದರೆ ನಮಗೆ ಕಾಗದವೋ ಅಡಿಕೆಯ ಹಾಳೆಯೋ ನೆನಪಾಗುತ್ತದೆ. ನನಗೆ ಅದು ಒಗ್ಗಲಿಲ್ಲ. ತೆರೆ ಎಂಬ ನಮ್ಮ ಮಾತನ್ನೇ ಇಟ್ಟುಕೊಂಡಿದ್ದೇನೆ. ತೆರೆಯೆಂದರೆ ನಾಟಕದ ಪರದೆ, ತೆರೆಯೆಂದರೆ ಅಲೆ, ನರೆತೆರೆ ಎಂಬಲ್ಲಿ ಸುಕ್ಕು, ಕ್ರಿಯಾಪದವಾದರೆ, ಬಾಗಿಲು ತೆರೆ. ಆಶ್ಚರ್ಯವೇನೆಂದರೆ ಈ ನಾಲ್ಕೂ ಅರ್ಥ ಇಲ್ಲಿ ಸಲ್ಲುತ್ತವೆ. ಇದು ಎರಡು ಭಾಗಗಳ ನಡುವಣ ಪರದೆ. ೨೦೦೦ದಲ್ಲಿ ಯೂರೋಪಿನವರು ಹಾರಿಸಿದ ಕ್ಲಸ್ಟರ್ ಎಂಬ ನಾಲ್ಕು ನೌಕೆಗಳ ಗುಂಪು ಇದು ಗಾಳಿಗೆ ಸಿಕ್ಕ ಬಟ್ಟೆಯಂತೆ ಅಲೆಅಲೆಯಾಗಿ ಮೇಲಕ್ಕೂ ಕೆಳಕ್ಕೂ ಬಡಿದಾಡುವುದನ್ನು ಕಂಡಿತು. ಹಾಗೆ ಬಡಿದಾಡುವಾಗ ಸುಕ್ಕುಗಟ್ಟುವುದೂ ಉಂಟು. ತೆರೆದುಕೊಳ್ಳುವ ಮಾತು ಮುಂದೆ ಬರುತ್ತದೆ.

ಈ ಪ್ರವಾಹ ಎಷ್ಟಿರಬಹುದು? ಎಂಟನೆಯ ತರಗತಿಯ ಹುಡುಗನೊಬ್ಬ ಇದನ್ನು ತನ್ನದೇ ರೀತಿಯಲ್ಲಿ ಕೇಳಿದ: "ಅದ್ಕ ಒಂದ್ ಬಲ್ಬು ಸಿಗಾಕುದ್ರ ಉರೀತದಾ ಸಾ?" ಲೆಕ್ಕ ಹಾಕಿ ನೋಡೋಣ. ಉಮ್ಮತ್ತೂರಿನಲ್ಲಿ ಭೂಮಿಯ ಕಾಂತದ ಬಲ, ವಿಜ್ಞಾನಿಗಳ ನ್ಯಾನೋಟೆಸ್ಲಾ ಎಂಬ ಅಳತೆಯಲ್ಲಿ, ಸುಮಾರು ೪೦,೦೦೦. ಬಾಲದಲ್ಲಿ ಅದು ಬರಿಯ ೨೦. ಎಂದರೆ ಎರಡು ಸಾವಿರದಲ್ಲಿ ಒಂದು ಪಾಲು. ತೆರೆಯ ಒಂದು ಬದಿಯಲ್ಲಿ ಇಪ್ಪತ್ತು ಇತ್ತ, ಇನ್ನೊಂದು ಬದಿಯಲ್ಲಿ ಇಪ್ಪತ್ತು ಅತ್ತ. ಈ ವ್ಯತ್ಯಾಸವನ್ನು ಉಂಟುಮಾಡಲು ಬಾಲದ ಉದ್ದದಲ್ಲಿ ಒಂದೊಂದು ಮೀಟರಿಗೆ ೩೨ ಮಿಲಿಆಂಪಿಯರ್ ಪ್ರವಾಹ ಬೇಕು. ಅರವತ್ತು ವಾಟಿನ ಹಳೆಯ ಬಲ್ಬು ಎಳೆದುಕೊಳ್ಳುವುದು ಸುಮಾರು ೨೬೦ ಮಿಲಿಆಂಪಿಯರ್. ಅಂತೂ ಎಂಟು ಮೀಟರು ಬಾಲದಲ್ಲಿ ಹರಿಯುವುದು ಒಂದು ಬಲ್ಬಿಗೆ ಸಾಕಾಗುವಷ್ಟು ಪ್ರವಾಹ! ಅಷ್ಟೆಯೆ ಎಂದು ಮೂಗು ಮುರಿಯಬೇಡಿ. ಬಾಲ ಉದ್ದವಾದದ್ದು. ಭೂಮಿಯ ಸಮೀಪದ ೧,೨೫,೦೦೦ ಕಿಲೋಮೀಟರನ್ನು ಮಾತ್ರ ತೆಗೆದುಕೊಂಡರೂ ಒಟ್ಟು ಪ್ರವಾಹ ೪೦ ಲಕ್ಷ ಆಂಪಿಯರ್ ಆಗುತ್ತದೆ. ಹುಡುಗನಿಗೆ ನಾನು ಹೇಳಿದ ಉತ್ತರ: ಬಲ್ಬು ಉರಿಯದು, ಏಕೆಂದರೆ ಈ ಪ್ರವಾಹ ಸಾವಿರಾರು ಕಿಲೋಮೀಟರು ದಪ್ಪದಲ್ಲಿ ಚದರಿಹೋಗಿದೆ, ಬಲ್ಬಿನ ತಂತಿಯೊಳಗೆ ಅದನ್ನು ಕೂಡಿಸಿ ತರುವವರಾರು?

ಈ ದಪ್ಪದ ಮಾತೇ ಮುಖ್ಯ. ಸೌರಮಾರುತ ಸೌಮ್ಯವಾಗಿರುವ ದಿನಗಳಲ್ಲಿ ತೆರೆಯ ದಪ್ಪ ಇಪ್ಪತ್ತು ಸಾವಿರ ಕಿಲೋಮೀಟರಿನ ಆಸುಪಾಸು. ಕೆಲವು ಹೊತ್ತಿನಲ್ಲಿ ಅದು ಐನೂರು ಕಿಲೋಮೀಟರಿಗೆ, ಅದಕ್ಕೂ ಕಡಮೆಗೆ, ಇಳಿಯುತ್ತದೆ. ಐನೂರೆಂದರೆ ಬೆಂಗಳೂರಿನಿಂದ ಬೆಳಗಾವಿಗೆ ಇರುವಷ್ಟು. ಲಕ್ಷಗಟ್ಟಲೆ ಅಗಲದ ಬಾಲದಲ್ಲಿ ಇದು ಒಂದು ಎಳೆಗೆ ಸಮ. ಹರಿಯಬೇಕಾದ ಪ್ರವಾಹ ಮಾತ್ರ ಕಡಮೆಯಾಗಲಿಲ್ಲ. ಎರಡು ಬದಿಯ ಕಾಂತ ಇದ್ದಷ್ಟೂ ಹೊತ್ತು ಮೀಟರಿಗೆ ಮೂವತ್ತೆರಡು ಮಿಲಿಆಂಪಿಯರ್ ಹರಿಯಲೇಬೇಕು. ಕೆರೆಯ ತೂಬಿನಿಂದ ಬಂದ ನೀರು ಅಗಲವಾದ ಕಾಲುವೆಯಲ್ಲಿ ಮೆಲ್ಲಗೆ ಹೋಗಿ, ಕಿರಿದಾದ ಕಡೆ ರಭಸದಿಂದ ಹೋಗುವಂತೆ, ತೆರೆ ನಲವತ್ತು ಪಾಲು ತೆಳ್ಳಗಾದರೆ ಒಳಗಿನ ಪ್ರವಾಹ ನಲವತ್ತು ಪಾಲು ಸಾಂದ್ರವಾಗುತ್ತದೆ.

ತೆಳ್ಳಗಾಗಲು ಕಾರಣವೇನು? ಸೌರಮಾರುತ ತನ್ನೊಡನೆ ಸೂರ್ಯನ ಕಾಂತವನ್ನೂ ಸ್ವಲ್ಪ ಹೊತ್ತು ತರುತ್ತದೆ. ಆ ಕಾಂತ ಉತ್ತರಕ್ಕೆ ಮುಖವಾಗಿದ್ದರೆ ನಮಗೆ ಅಷ್ಟು ತೊಂದರೆಯಿಲ್ಲ. ದಕ್ಷಿಣಕ್ಕೆ ತಿರುಗಿತೋ, ಹಗಲಿನ ಬದಿಯಲ್ಲಿ ಭೂಮಿಯ ಕಾಂತರೇಖೆಗಳ ಜೊತೆ ಅದು ಗಂಟುಬೀಳುತ್ತದೆ. ಗಂಟುಬಿದ್ದ ರೇಖೆಗಳನ್ನು ಗಾಳಿ ಹಿಂದಕ್ಕೆ ಎಳೆದುಕೊಂಡು ಹೋಗಿ ಬಾಲದ ಮೇಲುಭಾಗ ಕೆಳಭಾಗಗಳಲ್ಲಿ ರಾಶಿಹಾಕುತ್ತದೆ. ಹೀಗೆಂದು ೧೯೬೧ರಲ್ಲಿ ಸೂಚಿಸಿದವರು ಇಂಗ್ಲೆಂಡಿನ ಡಂಜಿ. ರಾಶಿ ಬೆಳೆದಂತೆ ಎರಡು ಕಡೆಯಿಂದಲೂ ಒತ್ತಡ ಏರುತ್ತದೆ. ಎರಡು ಹಲಗೆಗಳ ನಡುವೆ ಹತ್ತಿಯನ್ನಿಟ್ಟು ಅದುಮಿದಂತೆ ತೆರೆ ಅಮುಕಿಕೊಳ್ಳುತ್ತದೆ. ಹತ್ತಿಯೆಂದರೆ ಇಲ್ಲಿ ವಿದ್ಯುತ್ಕಣಗಳು. ಬೆರಳ ತುದಿಯಷ್ಟು ಜಾಗದಲ್ಲಿ, ಎಂದರೆ ಒಂದು ಘನ ಸೆಂಟಿಮೀಟರಿನಲ್ಲಿ, ಒಂದು ಕಣವೂ ಸಿಕ್ಕದಷ್ಟು ವಿರಳ. ಆದರೆ ಅವುಗಳ ಉಷ್ಣ ಕೋಟಿಗಟ್ಟಲೆ ಡಿಗ್ರಿ. ಈ ಉಷ್ಣದ ಬಲದಿಂದಲೇ ತೆರೆ ಹಲಗೆಗಳನ್ನು ತಡೆದು ನಿಂತಿರುತ್ತದೆ. ಒತ್ತಡ ಉಷ್ಣಗಳು ಸರಿತೂಗಿ ನಿಂತ ಇಂಥ ತೆರೆಯ ಗಣಿತವನ್ನು ಹ್ಯಾರಿಸ್ ಎಂಬಾತ ೧೯೬೨ರಲ್ಲಿಯೇ, ಎಂದರೆ ಬಾಲವನ್ನು ಕಾಣುವುದಕ್ಕೂ ಮುಂಚೆ, ಬರೆದಿಟ್ಟಿದ್ದ.

ತೆಳ್ಳಗಾದ ತೆರೆಯೊಳಗೆ ಕಣಗಳ ನಡಿಗೆಯೇ ಬದಲಾಗುತ್ತದೆ. ಕಾಂತವಿರುವಲ್ಲಿ ವಿದ್ಯುತ್ಕಣ ನೇರವಾಗಿ ಹೋಗಲಾರದು, ಗಾಣದ ಎತ್ತಿನಂತೆ ಸುತ್ತುತ್ತದೆ. ಭಾರವಾದ ಕಣಕ್ಕೆ ದೊಡ್ಡ ಸುತ್ತು. ಹಗುರವಾದ ಎಲೆಕ್ಟ್ರಾನಿಗೆ ಚಿಕ್ಕ ಸುತ್ತು. ಬಾಲದಲ್ಲಿ ಭಾರದ ಕಣದ ಸುತ್ತು ನೂರಾರು ಕಿಲೋಮೀಟರು. ತೆರೆಯ ದಪ್ಪವೂ ಅಷ್ಟಕ್ಕೇ ಇಳಿದಾಗ ಎತ್ತು ಸುತ್ತು ಮುಗಿಸುವ ಮೊದಲೇ ಆಚೆ ಬದಿಗೆ ಬಿದ್ದುಬಿಡುತ್ತದೆ. ಅಲ್ಲಿ ಕಾಂತ ತಿರುವುಮುರುವು. ಇನ್ನೊಂದು ಗಾಣ, ಅದು ಎಡಕ್ಕೆ ತಿರುಗುವುದು. ಅಲ್ಲಿ ಅರ್ಧ ಸುತ್ತಿ ಮತ್ತೆ ಈಚೆಗೆ. ಹೀಗೆ ಹಾವಿನಂತೆ ಹೊರಳುತ್ತ ತೆರೆಯುದ್ದಕ್ಕೂ ಸಾಗುತ್ತದೆ. ಎಲೆಕ್ಟ್ರಾನು ತನ್ನ ಚಿಕ್ಕ ಸುತ್ತನ್ನು ಬಿಡದೆ, ಇನ್ನೂ ತೆಳ್ಳಗಿನ ಒಳತೆರೆಯೊಂದನ್ನು ಕಟ್ಟಿಕೊಂಡು, ಪ್ರವಾಹದ ಹೆಚ್ಚಿನ ಹೊರೆಯನ್ನು ತಾನೇ ಹೊರುತ್ತದೆ. ದಪ್ಪ ತೆರೆಗೆ ಬರೆದ ಗಣಿತ ಈ ತೆಳುತೆರೆಗೆ ಸಲ್ಲದೆ ಹೋಗುವುದು ಈ ಕಾರಣದಿಂದ.

ಇಷ್ಟೆಲ್ಲ ಆಗುವುದು ಒಂದು ಗಂಟೆಯ ಆಸುಪಾಸಿನಲ್ಲಿ. ಆಮೇಲೆ, ಬಿಲ್ಲಿನ ಹೆದೆಯನ್ನು ಎಳೆದೆಳೆದು ಬಿಟ್ಟಂತೆ, ಎಲ್ಲವೂ ನಿಮಿಷಗಳಲ್ಲಿ ಮುಗಿಯುತ್ತದೆ. ತೆರೆ ಒಂದೆಡೆ ಹರಿದು ತೆರೆದುಕೊಳ್ಳುತ್ತದೆ; ಮೇಲಿನ ಕಾಂತರೇಖೆ ಕೆಳಗಿನ ರೇಖೆಯನ್ನು ಮುಟ್ಟಿ, ಎರಡೂ ತುಂಡಾಗಿ, ಬೇರೆ ರೀತಿಯಲ್ಲಿ ಕೂಡಿಕೊಳ್ಳುತ್ತವೆ. (ರೇಖೆ ತುಂಡಾಗುವುದೆಂಬುದು ಮಾತಿನ ಅನುಕೂಲ, ಬಯಲಿನಲ್ಲಿ ಯಾರೂ ದಾರ ಕಟ್ಟಿಲ್ಲ.) ಭೂಮಿಯ ಕಡೆಯ ತುಂಡು ಹೆದೆಯಂತೆ ಜಿಗಿದು ಕಣಗಳನ್ನು ನಮ್ಮ ಕಡೆಗೆ ಎಸೆಯುತ್ತದೆ, ಆಚೆಯ ತುಂಡು ಉಂಡೆಕಟ್ಟಿ ಬಾಲದ ತುದಿಯ ಕಡೆಗೆ ಓಡುತ್ತದೆ. ಎಸೆದ ಕಣಗಳು ಧ್ರುವಪ್ರದೇಶದ ವಾಯುಮಂಡಲಕ್ಕೆ ಬಿದ್ದಲ್ಲಿ ಹಸಿರು ಕೆಂಪು ಬೆಳಕು ಕುಣಿಯುತ್ತದೆ. ಧ್ರುವಪ್ರಭೆಯೆನ್ನುವುದು ಅದನ್ನೇ. ಹನ್ನೆರಡು ಡಿಗ್ರಿ ಅಕ್ಷಾಂಶದ ನಮ್ಮೂರಿನವರಿಗೆ ಅದನ್ನು ನೋಡುವ ಯೋಗವಿಲ್ಲ. ಆದರೆ ಸೂರ್ಯ ಬಹಳ ಕೆರಳಿದ್ದ ೨೦೨೪ರ ಮೇ ೧೦-೧೧ರ ರಾತ್ರಿ, ಲಡಾಖಿನ ಹಾನ್ಲೆಯಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರ ಕ್ಯಾಮೆರಾಗಳು ಆಕಾಶದಂಚಿನ ಕೆಂಪನ್ನು ಹಿಡಿದುವು.

ತೆರೆ ಮೊದಲು ಹರಿಯುವುದು ಎಲ್ಲಿ ಎಂಬ ಬಗ್ಗೆ ಪಂಡಿತರಲ್ಲಿ ಬಹುಕಾಲ ವಾದ ನಡೆಯಿತು. ಭೂಮಿಗೆ ಹತ್ತಿರ, ಅರವತ್ತು ಸಾವಿರ ಕಿಲೋಮೀಟರಿನಲ್ಲಿ ಎಂದು ಒಂದು ಪಕ್ಷ. ಅದರ ಎರಡರಷ್ಟು ದೂರದಲ್ಲಿ ಎಂದು ಇನ್ನೊಂದು ಪಕ್ಷ. ಈ ಜಗಳವನ್ನು ತೀರಿಸಲೆಂದೇ ೨೦೦೭ರ ಫೆಬ್ರವರಿಯಲ್ಲಿ ಥೀಮಿಸ್ ಎಂಬ ಐದು ಉಪಗ್ರಹಗಳನ್ನು ಬಾಲದುದ್ದಕ್ಕೂ ಕಾವಲಿಗೆ ನಿಲ್ಲಿಸಿದರು. ೨೦೦೮ರ ಫೆಬ್ರವರಿ ೨೬ರಂದು ಸಿಕ್ಕಿದ ಸಾಕ್ಷ್ಯ ಎರಡನೆಯ ಪಕ್ಷದ ಕಡೆಗಿತ್ತು: ದೂರದಲ್ಲಿ ಹರಿಯಿತು, ಒಂದೂವರೆ ನಿಮಿಷದ ಮೇಲೆ ಧ್ರುವಪ್ರಭೆ ಭುಗಿಲೆದ್ದಿತು, ಹತ್ತಿರದ ತೆರೆ ಕೆಟ್ಟದ್ದು ಆನಂತರ. ಮೊದಲನೆಯ ಪಕ್ಷದವರು ಸುಮ್ಮನಾದರೆಂದು ತಿಳಿಯಬೇಡಿ. ೨೦೧೫ರಲ್ಲಿ ಅಮೆರಿಕದವರು ಒಂದಕ್ಕೊಂದು ತೀರ ಹತ್ತಿರದಲ್ಲಿ ಹಾರುವ ಇನ್ನೂ ನಾಲ್ಕು ನೌಕೆಗಳನ್ನು ಕಳಿಸಿದರು. ೨೦೧೭ರ ಜುಲೈ ೧೧ರಂದು ಅವು, ಸುಮಾರು ೧,೪೦,೦೦೦ ಕಿಲೋಮೀಟರು ದೂರದಲ್ಲಿ, ಹರಿಯುತ್ತಿದ್ದ ತೆರೆಯ ಗರ್ಭವನ್ನೇ ಹೊಕ್ಕು ಬಂದುವು. ಅಲ್ಲಿ ಎಲೆಕ್ಟ್ರಾನುಗಳು ಕಟ್ಟಿದ ಪದರದ ದಪ್ಪ ಸುಮಾರು ಮೂವತ್ತು ಕಿಲೋಮೀಟರು. ಮೈಸೂರಿನಿಂದ ನಂಜನಗೂಡಿಗೆ ಹೋಗಿ ಸ್ವಲ್ಪ ಮುಂದೆ ನಡೆದಷ್ಟು.

ಬೇರೆ ಗ್ರಹಗಳಲ್ಲೂ ಇದೇ ಆಟವುಂಟು. ಬುಧಗ್ರಹದ ಬಾಲ ಚಿಕ್ಕದು. ನಮ್ಮಲ್ಲಿ ಗಂಟೆ ಹಿಡಿಯುವುದು ಅಲ್ಲಿ ಎರಡು ಮೂರು ನಿಮಿಷಗಳಲ್ಲಿ ಮುಗಿಯುತ್ತದೆಂದು ೨೦೧೧ರಿಂದ ೨೦೧೫ರವರೆಗೆ ಅದನ್ನು ಸುತ್ತಿದ ಮೆಸೆಂಜರ್ ನೌಕೆ ತಿಳಿಸಿತು. ಗುರುಗ್ರಹದ ಬಾಲವಾದರೋ ಶನಿಯ ಕಕ್ಷೆಯವರೆಗೂ ಹೋಗುತ್ತದೆ. ಅವೆಲ್ಲ ಇನ್ನೊಂದು ದಿನದ ಮಾತು.

ನಮ್ಮ ಚಂದ್ರನ ಬಗ್ಗೆ ಎರಡು ಮಾತು ಹೇಳಲೇಬೇಕು. ಚಂದ್ರಯಾನ-೨ ೨೦೧೯ರ ಜುಲೈ ೨೨ರಂದು ಹೊರಟಿತು. ಆಗಸ್ಟ್ ೨೦ರಂದು ಚಂದ್ರನ ಸುತ್ತ ಕಕ್ಷೆಯನ್ನು ಹಿಡಿಯಿತು. ಇಳಿಯುವ ನೌಕೆ ಕೈತಪ್ಪಿದ ಸುದ್ದಿಯನ್ನು ಕೇಳಿ ದೇಶವೆಲ್ಲ ಮರುಗಿದ್ದು ನೆನಪಿರಬಹುದು. ಅದೇ ಸೆಪ್ಟೆಂಬರಿನಲ್ಲಿ ಮೇಲೆ ಸುತ್ತುತ್ತಿದ್ದ ನೌಕೆ ಸದ್ದಿಲ್ಲದೆ ತನ್ನ ಕೆಲಸ ಮಾಡುತ್ತಿತ್ತು. ಅದರಲ್ಲಿ ಕ್ಲಾಸ್ ಎಂಬ ಉಪಕರಣವಿತ್ತು. ಅದನ್ನು ಕಟ್ಟಿದ್ದು, ಮೇಲೆ ಹೇಳಿದ ರಾಯರ ಹೆಸರನ್ನೇ ಹೊತ್ತ ಬೆಂಗಳೂರಿನ ಉಪಗ್ರಹ ಕೇಂದ್ರದಲ್ಲಿ. ಚಂದ್ರನ ನೆಲದಿಂದ ಹೊಮ್ಮುವ ಕ್ಷಕಿರಣಗಳನ್ನು ನೋಡಿ ಅಲ್ಲಿನ ಮಣ್ಣಿನಲ್ಲಿ ಏನೇನು ಧಾತುಗಳಿವೆಯೆಂದು ಹೇಳುವುದು ಅದರ ಕೆಲಸ. ಭಾದ್ರಪದದ ಆ ಹುಣ್ಣಿಮೆಯ ಸುತ್ತಿನಲ್ಲಿ ಚಂದ್ರ ಬಾಲವನ್ನು ಹೊಕ್ಕನು. ಕ್ಲಾಸಿನ ಕಣ್ಣಿಗೆ ಬಾಲದ ವಿದ್ಯುತ್ಕಣಗಳೂ ಅವುಗಳ ಏರಿಳಿತವೂ ಬಿದ್ದುವು. ಮಣ್ಣನ್ನು ಪರೀಕ್ಷಿಸುವವರಿಗೆ ಇದು ಗದ್ದಲ. ಬಾಲವನ್ನು ಪರೀಕ್ಷಿಸುವವರಿಗೆ ಸುಗ್ಗಿ.

ಇಷ್ಟು ದೂರದ ತೆರೆ ಹರಿದರೆ ನಮಗೇನು ನಷ್ಟ? ೧೯೮೯ರ ಮಾರ್ಚ್ ೧೩ರಂದು ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಅರವತ್ತು ಲಕ್ಷ ಜನಕ್ಕೆ ಒಂಬತ್ತು ಗಂಟೆಗಳ ಕಾಲ ಕತ್ತಲಾಯಿತು. ಕಾಂತದ ಬಿರುಗಾಳಿಯಲ್ಲಿ ಆಕಾಶದ ಪ್ರವಾಹಗಳು ಜಿಗಿದು, ನೆಲದ ಮೇಲಿನ ಉದ್ದುದ್ದನೆಯ ತಂತಿಗಳಲ್ಲಿ ಕರೆಯದ ವಿದ್ಯುತ್ತು ಹರಿದು, ಇಡೀ ಜಾಲ ಒಂದೂವರೆ ನಿಮಿಷದಲ್ಲಿ ಬಿದ್ದುಹೋಯಿತು. ಧ್ರುವಕ್ಕೆ ದೂರವಿರುವ ನಮಗೆ ಅಷ್ಟರ ಭಯವಿಲ್ಲ. ನಮ್ಮ ಭಯ ಮೇಲಿದೆ. ದೂರದರ್ಶನ, ದೂರವಾಣಿ, ಹವಾಮಾನದ ಚಿತ್ರ ಇವುಗಳಿಗೆಂದು ನಾವು ನಿಲ್ಲಿಸಿದ ಉಪಗ್ರಹಗಳು ೩೬,೦೦೦ ಕಿಲೋಮೀಟರು ಎತ್ತರದಲ್ಲಿವೆ. ತೆರೆ ತೆಳ್ಳಗಾಗುವಾಗ ಅದರ 'ಬುಡ' ರಾತ್ರಿಯ ಬದಿಯಲ್ಲಿ ಹೆಚ್ಚುಕಡಮೆ ಅಲ್ಲಿಯವರೆಗೂ ಬರುತ್ತದೆ. ಹರಿದಾಗ ಎಸೆದ ಎಲೆಕ್ಟ್ರಾನುಗಳು ಮೊದಲು ಬಡಿಯುವುದು, ನಡುರಾತ್ರಿಯಿಂದ ಬೆಳಗಿನ ಜಾವದ ನಡುವೆ ಅಲ್ಲಿ ನಿಂತ ಉಪಗ್ರಹಗಳನ್ನು. ಉಪಗ್ರಹದ ಮೈಮೇಲೆ ವಿದ್ಯುತ್ತು ಶೇಖರವಾಗಿ, ಪಟ್ಟೆಂದು ಕಿಡಿ ಹಾರಿದರೆ, ಒಳಗಿನ ಸೂಕ್ಷ್ಮಯಂತ್ರಗಳ ಬುದ್ಧಿ ಕೆಡುತ್ತದೆ. ೨೦೧೦ರ ಏಪ್ರಿಲ್ ೫ರಂದು ಗ್ಯಾಲಕ್ಸಿ-೧೫ ಎಂಬ ಅಮೆರಿಕದ ಉಪಗ್ರಹ, ರಾತ್ರಿಯ ಬದಿಯಲ್ಲಿದ್ದಾಗ, ಇಂಥದೊಂದು ಹರಿತದ ಬೆನ್ನಲ್ಲೇ ನೆಲದವರ ಮಾತನ್ನು ಕೇಳುವುದನ್ನು ಬಿಟ್ಟಿತು. ತನ್ನ ಪ್ರಸಾರವನ್ನು ಮಾತ್ರ ನಿಲ್ಲಿಸದೆ, ನೆರೆಯ ಉಪಗ್ರಹಗಳ ದಾರಿಯಲ್ಲಿ ತಿಂಗಳುಗಟ್ಟಲೆ ತೇಲಿ, ಡಿಸೆಂಬರಿನಲ್ಲಿ ಹಿಡಿತಕ್ಕೆ ಬಂದಿತು. ಕಾರಣ ಆ ಕಿಡಿಯೇ ಇರಬೇಕೆಂಬುದು ಬಲವಾದ ಅನುಮಾನ.

ನಮ್ಮ ದೇಶದ ಇಂಥ ಉಪಗ್ರಹಗಳ ಕಡಿವಾಣವಿರುವುದು ನಮ್ಮದೇ ಹಾಸನದಲ್ಲಿ. ೧೯೮೨ರಿಂದ ಅಲ್ಲಿನ ನಿಯಂತ್ರಣ ಕೇಂದ್ರದವರು ಹಗಲಿರುಳೂ ಕಾದು ಕುಳಿತಿದ್ದಾರೆ. ಅವರಿಗೆ ಮುನ್ಸೂಚನೆ ಸಿಕ್ಕರೆ ಎಷ್ಟು ಚೆನ್ನ! ಅರ್ಧ ಸೂಚನೆ ಸಿಕ್ಕುವ ಹಾಗೆ ಈಗ ಆಗಿದೆ. ೨೦೨೩ರ ಸೆಪ್ಟೆಂಬರ್ ೨ರಂದು ಹೊರಟ ಆದಿತ್ಯ ನೌಕೆ ೨೦೨೪ರ ಜನವರಿ ೬ರಂದು, ಸೂರ್ಯನ ಕಡೆಗೆ ಹದಿನೈದು ಲಕ್ಷ ಕಿಲೋಮೀಟರು ಮುಂದಿರುವ ತನ್ನ ನೆಲೆಯನ್ನು ಸೇರಿತು. ಅದರಲ್ಲಿರುವ ಕಾಂತಮಾಪಕ ಬೆಂಗಳೂರಿನಲ್ಲಿ ತಯಾರಾದದ್ದು. ನೌಕೆಯ ಸ್ವಂತ ವಿದ್ಯುತ್ತೇ ಸೂಜಿಯನ್ನು ಕೆಡಿಸೀತೆಂದು ಆರು ಮೀಟರಿನ ಒಂದು ತೋಳನ್ನು ಚಾಚಿ ಅದರ ಮೇಲೆ ಮಾಪಕಗಳನ್ನು ಇಟ್ಟಿದ್ದಾರೆ. ಕೊಲಾಬದಿಂದ ಅಲಿಬಾಗಿಗೆ ಹೋದ ಯುಕ್ತಿಯೇ ಇದು. ಸೌರಮಾರುತದ ಕಾಂತ ದಕ್ಷಿಣಕ್ಕೆ ತಿರುಗಿದರೆ ಆದಿತ್ಯನಿಗೆ ಕೂಡಲೆ ತಿಳಿಯುತ್ತದೆ. ಆ ಗಾಳಿ ಭೂಮಿಯನ್ನು ಮುಟ್ಟಲು ಇನ್ನೂ ಒಂದು ಗಂಟೆ ಬೇಕು.

ಆದ್ದರಿಂದ ಹೆದೆಯನ್ನು ಎಳೆಯುವ ಕೈ ಬರುತ್ತಿದೆಯೆಂದು ಮೊದಲೇ ಹೇಳಬಹುದು. ಎಳೆದ ಹೆದೆ ಬಿಡುವ ಕ್ಷಣವನ್ನು ಹೇಳುವುದು ಮಾತ್ರ ಇನ್ನೂ ಕೈಗೆ ಬಂದಿಲ್ಲ. ಒಂದೇ ಬಗೆಯ ಗಾಳಿ ಬೀಸಿದ ಎರಡು ರಾತ್ರಿಗಳಲ್ಲಿ ಒಂದು ತೆರೆ ನಲವತ್ತು ನಿಮಿಷಕ್ಕೆ ಹರಿದರೆ ಇನ್ನೊಂದು ಒಂದೂವರೆ ಗಂಟೆ ತಡೆದೀತು. ಅದನ್ನು ನಿರ್ಣಯಿಸುವುದು ಮೂವತ್ತು ಕಿಲೋಮೀಟರಿನ ಆ ಎಲೆಕ್ಟ್ರಾನು ಪದರ. ಮೂರು ಲಕ್ಷ ಕಿಲೋಮೀಟರು ಅಗಲದ ಬಾಲದಲ್ಲಿ, ಯಾವ ಜಾಗದಲ್ಲೆಂದು ಗುರುತಿಲ್ಲದೆ, ಬಡಿದಾಡುವ ತೆರೆಯೊಳಗೆ ಅದು ಅಡಗಿರುತ್ತದೆ. ಬೆರಳೆಣಿಕೆಯ ನೌಕೆಗಳು ಅಲ್ಲಿ ಸುತ್ತುತ್ತಿವೆ. ಹರಿಯುವ ಹೊತ್ತಿಗೆ ಹರಿಯುವ ಜಾಗದಲ್ಲಿ ಅವುಗಳಲ್ಲಿ ಒಂದಿರುವುದು ವರ್ಷದಲ್ಲಿ ಕೆಲವೇ ಸಲ. ಹಾಸನದವರಿಗೆ ಈ ಕ್ಷಣವನ್ನು ಹೇಳಿಕಳಿಸುವ ಗಡಿಯಾರ ಇನ್ನು ತಯಾರಾಗಬೇಕು.